ಕೆಲಸದ ಹುಡುಕಾಟಕ್ಕೆ ತಾರೀಖಿನ ಜರಡಿ

ಜಾಬ್ ಪೋರ್ಟಲ್‌ನಲ್ಲಿ 'ಅಕೌಂಟೆಂಟ್, ಹುಬ್ಬಳ್ಳಿ' ಎಂದು ಬರೆದು ಹುಡುಕಿದರೆ ಮೇಲೆ ಕಾಣಿಸುವ ಹತ್ತಿಪ್ಪತ್ತು ಪ್ರಕಟಣೆಗಳು ಹೊಸವೇ ಆಗಿರಬೇಕೆಂದಿಲ್ಲ. ನಿನ್ನೆ ಬಂದದ್ದರ ಪಕ್ಕದಲ್ಲೇ ಮೂರು ವಾರದ ಹಿಂದಿನದೂ ಇರುತ್ತದೆ. ಇಂಥ ತಾಣಗಳು ಸಾಮಾನ್ಯವಾಗಿ ಫಲಿತಾಂಶವನ್ನು ಜೋಡಿಸುವುದು 'ರೆಲೆವೆನ್ಸ್' ಲೆಕ್ಕದಲ್ಲಿ, ಅಂದರೆ ನೀವು ಬರೆದ ಪದ, ನಿಮ್ಮ ಅನುಭವ, ಊರು ಇವುಗಳಿಗೆ ಯಾವುದು ಹೆಚ್ಚು ತಾಳೆಯಾಗುತ್ತದೆ ಎಂಬ ಲೆಕ್ಕದಲ್ಲಿ. ಕಂಪನಿಗಳು ಹಣ ಕೊಟ್ಟು ಮೇಲಕ್ಕೇರಿಸಿದ ಪ್ರಕಟಣೆಗಳೂ ನಡುನಡುವೆ ಸೇರಿಕೊಳ್ಳುತ್ತವೆ. ಹೀಗಾಗಿ ದಿನವೂ ಹುಡುಕುವವರ ಕಣ್ಣಿಗೆ ಬೀಳುವುದು ಬಹುಮಟ್ಟಿಗೆ ನಿನ್ನೆ ಮೊನ್ನೆ ನೋಡಿದ್ದೇ. ಹೊಸದು ಮೂರನೆಯ ಪುಟದಲ್ಲೋ ನಾಲ್ಕನೆಯದರಲ್ಲೋ ಉಳಿದುಬಿಡುತ್ತದೆ. ಇದಕ್ಕೆ ಮದ್ದು ಅದೇ ಪುಟದಲ್ಲಿದೆ. ನೌಕ್ರಿಯಲ್ಲಿ ಅದರ ಹೆಸರು 'ಫ್ರೆಶ್‌ನೆಸ್': 1, 3, 7, 15, 30 ದಿನಗಳ ಆಯ್ಕೆ. ಲಿಂಕ್ಡ್‌ಇನ್‌ನಲ್ಲಿ 'ಡೇಟ್ ಪೋಸ್ಟೆಡ್': 24 ಗಂಟೆ, ಒಂದು ವಾರ, ಒಂದು ತಿಂಗಳು. ಇಂಡೀಡ್‌ನಲ್ಲಿ 24 ಗಂಟೆ, 3, 7, 14 ದಿನ. ಅನೇಕರು ಇದನ್ನು ಮುಟ್ಟುವುದೇ ಇಲ್ಲ. ಮುಟ್ಟುವವರೂ ಒಮ್ಮೆ ಒತ್ತಿ, ಕಂಡ ತಾರೀಖನ್ನು ಹಾಗೇ ನಂಬಿ ಮುಂದೆ ಹೋಗುತ್ತಾರೆ. ಈ ಫಿಲ್ಟರನ್ನು ನೀವು ಕಳೆದ ಬಾರಿ ಹುಡುಕಿದ ದಿನಕ್ಕೆ ತಕ್ಕಂತೆ ಹೊಂದಿಸಿಕೊಳ್ಳಬೇಕು, ಮತ್ತು ಅದು ತೋರಿಸುವ ತಾರೀಖನ್ನು ಇನ್ನೊಂದು ತಾರೀಖಿನ ಜೊತೆ ತಾಳೆ ನೋಡಬೇಕು ಎಂಬುದೇ ಇಲ್ಲಿ ನಾನು ಮಂಡಿಸಹೊರಟಿರುವ ವಾದ.

ತಾಳೆ ನೋಡಬೇಕು ಏಕೆಂದರೆ, ಒಂದು ಕೆಲಸಕ್ಕೆ ಒಂದೇ ತಾರೀಖು ಎಂಬುದಿಲ್ಲ. ಕಂಪನಿಯೊಳಗೆ ಜಾಗ ಖಾಲಿಯಾದ ದಿನ ಒಂದು. ಅದನ್ನು ತುಂಬಲು ಮೇಲಿನವರ ಒಪ್ಪಿಗೆ ಸಿಕ್ಕಿದ ದಿನ ಇನ್ನೊಂದು. ಕಂಪನಿ ತನ್ನ ಜಾಲತಾಣದಲ್ಲಿ ಹಾಕಿದ ದಿನ, ಪೋರ್ಟಲ್‌ಗೆ ಏರಿಸಿದ ದಿನ, ಬೇರೊಂದು ತಾಣ ಅದನ್ನು ತನ್ನತ್ತ ಎಳೆದುಕೊಂಡ ದಿನ, ಸ್ಪಂದನೆ ಸಾಲದೆಂದು ಎಚ್‌ಆರ್ ಮತ್ತೆ ಮೇಲೆತ್ತಿದ ದಿನ ಎಲ್ಲವೂ ಬೇರೆ ಬೇರೆ. ಫಿಲ್ಟರ್ ಓದುವುದು ಇವುಗಳಲ್ಲಿ ಯಾವುದೋ ಒಂದನ್ನು, ಅಂದರೆ ಆ ತಾಣದ ದತ್ತಾಂಶದಲ್ಲಿ 'ಪ್ರಕಟಿಸಿದ ದಿನಾಂಕ' ಎಂಬ ಕಾಲಂನಲ್ಲಿ ಏನು ಬರೆದಿದೆಯೋ ಅದನ್ನು ಮಾತ್ರ. ಗೂಗಲ್‌ನ ಉದ್ಯೋಗ ಹುಡುಕಾಟವನ್ನೇ ನೋಡಿ. 2017ರಲ್ಲಿ ಅಮೆರಿಕದಲ್ಲಿ, ಮರುವರ್ಷ ಭಾರತದಲ್ಲಿ ಶುರುವಾದ ಈ ಸೇವೆ ತಾನಾಗಿ ಯಾವ ಕೆಲಸವನ್ನೂ ಪ್ರಕಟಿಸುವುದಿಲ್ಲ. ಬೇರೆ ತಾಣಗಳ ಪುಟಗಳಿಂದ ಆಯ್ದು ತೋರಿಸುತ್ತದೆ. ಹಾಗೆ ಆಯ್ದುಕೊಳ್ಳಲು ಪ್ರತಿ ಪುಟದ ಕೋಡ್‌ನಲ್ಲಿ 'ಡೇಟ್ ಪೋಸ್ಟೆಡ್' ಎಂಬ ಮಾಹಿತಿ ಇರಲೇಬೇಕು, ಅದು ಉದ್ಯೋಗದಾತರು ಮೊದಲ ಬಾರಿ ಪ್ರಕಟಿಸಿದ ದಿನವೇ ಆಗಿರಬೇಕು, ಅವಧಿ ಮುಗಿಯುವ ಕೆಲಸವಾದರೆ 'ವ್ಯಾಲಿಡ್ ಥ್ರೂ' ಎಂಬ ಕೊನೆಯ ದಿನಾಂಕವೂ ಬೇಕು ಎಂಬುದು ಗೂಗಲ್‌ನ ನಿಯಮ. ನಿಯಮವೇನೋ ಸ್ಪಷ್ಟವಾಗಿದೆ. ಆದರೆ ಆ ಜಾಗದಲ್ಲಿ ತಾರೀಖು ತುಂಬುವವರು ಆಯಾ ತಾಣದವರು. ಅವರು ಮರುಪ್ರಕಟಣೆಯ ದಿನವನ್ನೇ ತುಂಬಿದರೆ ಎರಡು ತಿಂಗಳ ಹಳೆಯ ಕೆಲಸ 'ನಿನ್ನೆ' ಎಂಬ ಚೀಟಿ ಅಂಟಿಸಿಕೊಂಡು ಬರುತ್ತದೆ.

ತಾರೀಖು ಇಷ್ಟು ಸಡಿಲವಾಗಿದ್ದರೆ ಫಿಲ್ಟರ್ ಯಾಕೆ ಬೇಕು ಎಂಬ ಪ್ರಶ್ನೆ ಸಹಜ. ಉತ್ತರ ನೇಮಕಾತಿ ನಡೆಯುವ ರೀತಿಯಲ್ಲೇ ಇದೆ. ಖಾಸಗಿ ಕಂಪನಿಗಳ ಬಹುತೇಕ ಪ್ರಕಟಣೆಗಳಿಗೆ ಸರ್ಕಾರಿ ಅಧಿಸೂಚನೆಗಿರುವಂತೆ 'ಅರ್ಜಿ ಸಲ್ಲಿಸಲು ಕೊನೆಯ ದಿನ' ಎಂಬುದಿರುವುದಿಲ್ಲ. ಅಲ್ಲಿ ಎಲ್ಲ ಅರ್ಜಿಗಳೂ ಬರಲೆಂದು ಕಾದು, ಆಮೇಲೆ ಒಟ್ಟಿಗೆ ಕೂಡಿಸಿ ತೂಗಿ ನೋಡುವ ಪದ್ಧತಿಯೂ ಇಲ್ಲ. ಹಲವು ಹುದ್ದೆಗಳನ್ನು ಒಟ್ಟಿಗೆ ನೋಡಿಕೊಳ್ಳುವ ಎಚ್‌ಆರ್ ಸಿಬ್ಬಂದಿ ಬಂದ ಅರ್ಜಿಗಳನ್ನು ಬಂದಂತೆ ತೆರೆದು ನೋಡುತ್ತಾರೆ. ಸಂದರ್ಶನಕ್ಕೆ ಕರೆಯಲು ಸಾಕಷ್ಟು ಹೆಸರು ಸಿಕ್ಕಮೇಲೆ ಹೊಸ ಅರ್ಜಿಗಳನ್ನು ತೆರೆಯುವ ತುರ್ತು ಅವರಿಗಿರುವುದಿಲ್ಲ. ಪ್ರಕಟಣೆ ಮಾತ್ರ ತಾಣದಲ್ಲಿ ಹಾಗೇ ಉಳಿದಿರುತ್ತದೆ, ಏಕೆಂದರೆ ಅದಕ್ಕೆ ಕಟ್ಟಿದ ಹಣದ ಅವಧಿ ಇನ್ನೂ ಬಾಕಿಯಿದೆ ಅಥವಾ ಅದನ್ನು ತೆಗೆಯುವ ಕೆಲಸ ಯಾರಿಗೂ ನೆನಪಾಗಿಲ್ಲ. ಪ್ರಕಟಣೆ ಕಾಣುತ್ತಿರುವುದಕ್ಕೂ ಜಾಗ ಖಾಲಿ ಇರುವುದಕ್ಕೂ ನಡುವಿನ ಈ ಅಂತರ ದಿನ ಕಳೆದಂತೆ ಹಿಗ್ಗುತ್ತ ಹೋಗುತ್ತದೆ. ಲಿಂಕ್ಡ್‌ಇನ್ ಮತ್ತು ನೌಕ್ರಿ ಎರಡೂ ಎಷ್ಟು ಮಂದಿ ಅರ್ಜಿ ಹಾಕಿದ್ದಾರೆಂದು ಸುಮಾರಾಗಿ ತೋರಿಸುತ್ತವೆ. ನೂರು ದಾಟಿದೆ ಎಂಬ ಗುರುತು ಕಂಡ ಕಡೆ ನಿಮ್ಮ ಅರ್ಜಿಯನ್ನು ಯಾರಾದರೂ ತೆರೆದು ಓದುವ ಸಾಧ್ಯತೆ ಎಷ್ಟು ಎಂದು ಕೇಳಿಕೊಳ್ಳುವುದು ನ್ಯಾಯವಾದದ್ದೇ.

ಇದಕ್ಕೆ ಎದುರಾಗಿ ಒಂದು ಮಾತು ಕೇಳಿಬರುತ್ತದೆ: ಕೆಲಸ ಸಿಗುವುದು ಯೋಗ್ಯತೆಯಿಂದ, ಮೊದಲು ಓಡಿ ಅರ್ಜಿ ಹಾಕುವುದರಿಂದಲ್ಲ, ಅವಸರದಲ್ಲಿ ಕಳಿಸಿದ ನೂರು ಅರ್ಜಿಗಿಂತ ಯೋಚಿಸಿ ಬರೆದ ಹತ್ತು ಮೇಲು. ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ, ಮತ್ತು ಫಿಲ್ಟರ್ ಬೇಕೆನ್ನುವುದೂ ಇದೇ ಕಾರಣಕ್ಕೆ. ಒಂದು ಅರ್ಜಿಗೆ ತಕ್ಕಂತೆ ರೆಸ್ಯೂಮ್ ತಿದ್ದಿ, ಕಂಪನಿ ಏನು ಮಾಡುತ್ತದೆಂದು ಓದಿ, ನಾಲ್ಕು ಸಾಲಿನ ಪತ್ರ ಬರೆಯಲು ಮುಕ್ಕಾಲು ಗಂಟೆ ಹಿಡಿಯುತ್ತದೆ ಎಂದುಕೊಳ್ಳಿ. ಆ ಶ್ರಮವನ್ನು ಈಗಾಗಲೇ ಮುಗಿದುಹೋದ ಹುದ್ದೆಗೆ ಸುರಿದರೆ ಆ ಮುಕ್ಕಾಲು ಗಂಟೆ ನಷ್ಟ. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಉತ್ತರವೇ ಬಾರದ ಅರ್ಜಿಗಳು ಒಂದರ ಮೇಲೊಂದು ಬಿದ್ದಾಗ ಮನಸ್ಸು ಕುಗ್ಗಿ, ತಪ್ಪು ತನ್ನಲ್ಲೇ ಇದೆಯೇನೋ ಎಂಬ ಅನುಮಾನ ಹುಟ್ಟುತ್ತದೆ. ಓದು ಮುಗಿಸಿ ಮೊದಲ ಕೆಲಸ ಹುಡುಕುತ್ತಿರುವವರಿಗೆ ಈ ಮೌನ ಎಷ್ಟು ಭಾರವಾಗುತ್ತದೆಂಬುದು ಮನೆಯವರಿಗೆಲ್ಲ ಗೊತ್ತು. ಸಾಲಾಗಿ ಬಂದ ಮೌನದಲ್ಲಿ ಎಷ್ಟು ಪಾಲು ಹಳೆಯ ತಾರೀಖಿನದು ಎಂಬುದು ಮಾತ್ರ ಯಾರಿಗೂ ಕಾಣುವುದಿಲ್ಲ. ಹಾಗೆಂದು ಗಂಟೆಗೊಮ್ಮೆ ಹುಡುಕುವ ಓಟಕ್ಕೂ ಬೀಳಬೇಕಿಲ್ಲ. ಎಚ್‌ಆರ್‌ನವರೂ ಕಚೇರಿ ವೇಳೆಯಲ್ಲಿ ಕೆಲಸ ಮಾಡುವ ಮನುಷ್ಯರೇ. ಬೆಳಿಗ್ಗೆ ಬಂದ ಪ್ರಕಟಣೆಗೆ ಸಂಜೆ ಅರ್ಜಿ ಹಾಕಿದರೆ ಏನೂ ಕೈತಪ್ಪುವುದಿಲ್ಲ. ಒಂದೆರಡು ದಿನದೊಳಗೆ ಎಂಬ ಗುರಿ ಸಾಕು.

ಫಿಲ್ಟರನ್ನು ಎಷ್ಟು ದಿನಕ್ಕೆ ಹಿಡಿಯಬೇಕು ಎಂಬುದು ಇದರಿಂದಲೇ ತೀರ್ಮಾನವಾಗುತ್ತದೆ. ಹುಡುಕಾಟದ ಮೊದಲ ದಿನ 30 ದಿನಗಳ ಆಯ್ಕೆ ಇಟ್ಟು ಒಮ್ಮೆ ಪೂರ್ತಿ ನೋಡಿ. ಇದರ ಮುಖ್ಯ ಉದ್ದೇಶ ಅರ್ಜಿ ಹಾಕುವುದಕ್ಕಿಂತ ಮಾರುಕಟ್ಟೆ ತಿಳಿಯುವುದು: ನಿಮ್ಮ ಕ್ಷೇತ್ರದಲ್ಲಿ ಯಾವ ಕಂಪನಿಗಳು ಜನರನ್ನು ಹುಡುಕುತ್ತಿವೆ, ಹುದ್ದೆಗೆ ಯಾವ ಹೆಸರು ಬಳಸುತ್ತವೆ, ಯಾವ ಸಾಫ್ಟ್‌ವೇರ್ ಬರಬೇಕೆನ್ನುತ್ತವೆ. ಎರಡನೆಯ ದಿನದಿಂದ ಫಿಲ್ಟರನ್ನು ಕಿರಿದು ಮಾಡಿ. ದಿನವೂ ನೋಡುವವರಿಗೆ 1 ಅಥವಾ 3 ದಿನ, ವಾರಕ್ಕೆ ಎರಡು ಸಲ ಕೂರುವವರಿಗೆ 3 ಅಥವಾ 7 ದಿನ. ಅಳತೆ ಇಷ್ಟೇ: ಕಳೆದ ಬಾರಿ ನೋಡಿ ಎಷ್ಟು ದಿನವಾಯಿತೋ ಅದಕ್ಕಿಂತ ಒಂದು ಮೆಟ್ಟಿಲು ಹೆಚ್ಚಿನದನ್ನು ಆರಿಸಿ. ಆ ಒಂದು ಮೆಟ್ಟಿಲು ಯಾಕೆಂದರೆ 'ಕಳೆದ 24 ಗಂಟೆ' ಎಂಬುದು ಕ್ಯಾಲೆಂಡರಿನ ದಿನವಲ್ಲ, ಈ ಕ್ಷಣದಿಂದ ಹಿಂದಕ್ಕೆ ಎಣಿಸಿದ ಗಂಟೆಗಳು. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಅದನ್ನು ಒತ್ತಿದರೆ ಭಾನುವಾರ ಹತ್ತರಿಂದ ಈಚೆಗಿನದು ಮಾತ್ರ ಬರುತ್ತದೆ; ವಾರದ ಕೆಲಸ ಮುಗಿಸುವ ಮುನ್ನ ಶುಕ್ರವಾರ ಸಂಜೆ ಎಚ್‌ಆರ್ ಏರಿಸಿಹೋದದ್ದು ನಿಮಗೆ ಕಾಣುವುದೇ ಇಲ್ಲ. ಆದ್ದರಿಂದ ಸೋಮವಾರ 1 ದಿನ ಸಾಲದು, 3 ಇಡಿ. ಇನ್ನೊಂದು ಸೂಕ್ಷ್ಮವಿದೆ. ಸರ್ವರ್‌ಗಳು ಸಮಯವನ್ನು ಸಾಮಾನ್ಯವಾಗಿ ಯುಟಿಸಿ ಎಂಬ ಜಾಗತಿಕ ಗಡಿಯಾರದಲ್ಲಿ ಬರೆದಿಡುತ್ತವೆ, ಅದು ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ಬರೀ ತಾರೀಖನ್ನಷ್ಟೇ ಇಟ್ಟುಕೊಳ್ಳುವ ತಾಣದಲ್ಲಿ ನಮ್ಮ ಬೆಳಿಗ್ಗೆ 5:30ರ ಮೊದಲು ಏರಿಸಿದ್ದು ಹಿಂದಿನ ದಿನದ ಲೆಕ್ಕಕ್ಕೆ ಸೇರಿಬಿಡಬಹುದು.

ಫಿಲ್ಟರ್ ಮತ್ತು ಜೋಡಣೆ ಒಂದೇ ಎಂದು ತಿಳಿಯುವುದು ಸಾಮಾನ್ಯ ತಪ್ಪು. ಫಿಲ್ಟರ್ ಹಳೆಯದನ್ನು ತೆಗೆದುಹಾಕುತ್ತದೆ. 'ಸಾರ್ಟ್ ಬೈ' ಎಂಬ ಜೋಡಣೆ ಉಳಿದದ್ದನ್ನು ಸಾಲು ಹಚ್ಚುತ್ತದೆ. ಒಂದು ವಾರದ ಫಿಲ್ಟರ್ ಹಾಕಿದ ಮೇಲೂ ಜೋಡಣೆ ರೆಲೆವೆನ್ಸ್ ಮೇಲೆಯೇ ಉಳಿದರೆ ಆರು ದಿನದ ಹಿಂದಿನದು ಮೇಲೆ, ಇವತ್ತಿನದು ಕೆಳಗೆ ಬರುತ್ತದೆ. ಎರಡನ್ನೂ ತಾರೀಖಿಗೆ ತಿರುಗಿಸಿದಾಗ ಮಾತ್ರ ಮೇಲಿನಿಂದ ಓದುತ್ತ ಬಂದು, ಕಳೆದ ಬಾರಿ ನೋಡಿದ್ದು ಸಿಕ್ಕಿದ ಕೂಡಲೇ ನಿಲ್ಲಿಸಬಹುದು. ಜೋಡಣೆಯನ್ನು ತಾರೀಖಿಗೆ ತಿರುಗಿಸಿದಾಗ ಅರೆಬರೆ ಹೊಂದುವ ಕೆಲಸಗಳೂ ಮೇಲೆ ಬರುತ್ತವೆ, ಅದಕ್ಕೆ ಹುಡುಕುವ ಪದ ಬಿಗಿಯಾಗಿರಲಿ. 'ಅಕೌಂಟ್ಸ್' ಎನ್ನುವುದಕ್ಕಿಂತ 'ಜಿಎಸ್‌ಟಿ ಅಕೌಂಟೆಂಟ್ ಟ್ಯಾಲಿ' ಎಂದು ಹುಡುಕಿ. ಲಿಂಕ್ಡ್‌ಇನ್‌ನ ಪಟ್ಟಿಯಲ್ಲಿ 3 ದಿನದ ಆಯ್ಕೆ ಇಲ್ಲ. 24 ಗಂಟೆಯ ಫಿಲ್ಟರ್ ಹಾಕಿ ಬ್ರೌಸರಿನ ವಿಳಾಸವನ್ನು ನೋಡಿದರೆ 86400 ಎಂಬ ಸಂಖ್ಯೆ ಸಿಗುತ್ತದೆ. ಅದು ಒಂದು ದಿನದ ಸೆಕೆಂಡುಗಳ ಲೆಕ್ಕ. ಅದನ್ನು 259200 ಎಂದು ತಿದ್ದಿ ಎಂಟರ್ ಒತ್ತಿದರೆ ಮೂರು ದಿನದ್ದು ಬರುತ್ತದೆ. ಹುಡುಕಾಟಗಾರರೇ ಕಂಡುಕೊಂಡು ಒಬ್ಬರಿಂದೊಬ್ಬರಿಗೆ ಹೇಳಿಕೊಟ್ಟ ಉಪಾಯ ಇದು. ತಾಣದವರು ಯಾವಾಗ ಬೇಕಾದರೂ ಬದಲಿಸಬಹುದಾದ್ದರಿಂದ ಇದನ್ನೇ ನೆಚ್ಚಿಕೊಳ್ಳುವುದು ಬೇಡ. ಜಾಬ್ ಅಲರ್ಟ್ ಇಟ್ಟುಕೊಂಡರೆ ಈ ಕಷ್ಟವೇ ಇಲ್ಲವಲ್ಲ ಎನ್ನುವವರಿದ್ದಾರೆ. ಅಲರ್ಟ್ ಇರಲಿ. ಆದರೆ ನೀವು ಮೊದಲ ದಿನ ಬರೆದಿಟ್ಟ ಪದಗಳನ್ನೇ ಅದು ಹಿಡಿದುಕೊಂಡಿರುತ್ತದೆ. ಹುಡುಕುತ್ತ ಹುಡುಕುತ್ತ ನೀವು ಕಲಿತ ಹೊಸ ಪದ ಅದಕ್ಕೆ ಗೊತ್ತಾಗುವುದಿಲ್ಲ.

ಈಗ ಮರುಪ್ರಕಟಣೆಯ ತೊಡಕಿಗೆ ಬರೋಣ. ಹಳೆಯದು ಹೊಸ ತಾರೀಖು ಹೊತ್ತು ಬರುವುದನ್ನು ಗುರುತಿಸುವುದು ಅಷ್ಟೇನೂ ಕಷ್ಟವಲ್ಲ. ಲಿಂಕ್ಡ್‌ಇನ್ ಕೆಲವು ಪ್ರಕಟಣೆಗಳ ಮೇಲೆ 'ರೀಪೋಸ್ಟೆಡ್' ಎಂದು ತಾನೇ ಬರೆಯುತ್ತದೆ. ಹಾಗೆ ಬರೆಯದ ಕಡೆ ಪ್ರಕಟಣೆಯ ನಡುವಿನ ಒಂದು ವಿಶಿಷ್ಟ ಸಾಲನ್ನು ನಕಲು ಮಾಡಿ, ಉದ್ಧರಣ ಚಿಹ್ನೆಯೊಳಗೆ ಇಟ್ಟು ಗೂಗಲ್‌ನಲ್ಲಿ ಹುಡುಕಿ. ಅದೇ ಪಠ್ಯ ತಿಂಗಳುಗಳ ಹಿಂದೆ ಬೇರೆ ತಾಣದಲ್ಲಿ ಬಂದಿದ್ದರೆ ಸಿಕ್ಕಿಬೀಳುತ್ತದೆ. ಎಲ್ಲಕ್ಕಿಂತ ನಂಬುವಂಥದ್ದು ಕಂಪನಿಯ ಸ್ವಂತ 'ಕರಿಯರ್ಸ್' ಪುಟ. ದೊಡ್ಡ ಕಂಪನಿಗಳಲ್ಲಿ ಅನೇಕವು ವರ್ಕ್‌ಡೇ ಎಂಬ ನೇಮಕಾತಿ ವ್ಯವಸ್ಥೆಯನ್ನು ಬಳಸುತ್ತವೆ. ಅದರ ಪುಟದಲ್ಲಿ ಇಂದು, ನಿನ್ನೆ, ಇಷ್ಟು ದಿನದ ಹಿಂದೆ ಎಂದು ತೋರಿಸಿ, ತಿಂಗಳು ದಾಟಿದ್ದಕ್ಕೆಲ್ಲ '30ಕ್ಕಿಂತ ಹೆಚ್ಚು ದಿನ' ಎಂಬ ಒಂದೇ ಗುರುತು ಹಾಕುತ್ತದೆ. ಪೋರ್ಟಲ್‌ನಲ್ಲಿ 'ನಿನ್ನೆ', ಕಂಪನಿ ಪುಟದಲ್ಲಿ '30ಕ್ಕಿಂತ ಹೆಚ್ಚು' ಎಂದಿದ್ದರೆ ಎರಡನೆಯದನ್ನು ನಂಬಿ. ಪೋರ್ಟಲ್‌ನಲ್ಲಿದ್ದು ಕಂಪನಿ ಪುಟದಲ್ಲಿ ಇಲ್ಲವೇ ಇಲ್ಲ ಎಂದಾದರೆ ಒಂದೋ ಜಾಗ ತುಂಬಿದೆ, ಅಥವಾ ಕನ್ಸಲ್ಟೆನ್ಸಿಯೊಂದು ಮುಂದೆ ಬೇಕಾದೀತೆಂದು ರೆಸ್ಯೂಮ್ ಒಟ್ಟುಹಾಕುತ್ತಿದೆ, ಇಲ್ಲವೇ ಅದು ಪೂರ್ತಿ ಮೋಸ. ಕಂಪ್ಯೂಟರಿನಲ್ಲಿ ನೋಡುವವರಿಗೆ ಮತ್ತೊಂದು ದಾರಿಯಿದೆ: ಕಂಟ್ರೋಲ್ ಮತ್ತು ಯು ಕೀಲಿಗಳನ್ನು ಒಟ್ಟಿಗೆ ಒತ್ತಿ ಪುಟದ ಕೋಡ್ ತೆರೆದು, 'ಡೇಟ್‌ಪೋಸ್ಟೆಡ್' ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒಂದೇ ಪದವಾಗಿ ಹುಡುಕಿದರೆ, ಗೂಗಲ್‌ಗೆ ಆ ತಾಣ ಕೊಟ್ಟಿರುವ ತಾರೀಖು ಹಲವು ಬಾರಿ ಅಲ್ಲೇ ಸಿಗುತ್ತದೆ.

ಹಾಗಾದರೆ ಹಳೆಯದೆಲ್ಲ ಕಸವೇ? ಅಲ್ಲ. ಇಲ್ಲಿ ಫಿಲ್ಟರ್ ತಪ್ಪುವ ಸಂದರ್ಭಗಳಿವೆ, ಅವನ್ನು ಒಪ್ಪಿಕೊಳ್ಳದಿದ್ದರೆ ನನ್ನ ವಾದ ಅರ್ಧವಾಗುತ್ತದೆ. ಅಪರೂಪದ ಕೌಶಲ ಬೇಡುವ ಹುದ್ದೆ ತಿಂಗಳುಗಟ್ಟಲೆ ತೆರೆದಿರುವುದು ನಿಜವಾಗಿಯೂ ತಕ್ಕವರು ಸಿಗದ ಕಾರಣಕ್ಕೆ. ಜಿಲ್ಲಾ ಕೇಂದ್ರಗಳ ಆಸ್ಪತ್ರೆಗಳಿಗೆ ತಜ್ಞ ವೈದ್ಯರು, ಹಳೆಯ ಯಂತ್ರವನ್ನು ಬಲ್ಲ ಮೆಕ್ಯಾನಿಕ್, ಬೇರೆ ಭಾಷೆಯ ಜೊತೆ ಕನ್ನಡವನ್ನೂ ಚೆನ್ನಾಗಿ ಬರೆಯಬಲ್ಲ ಅನುವಾದಕರು ಇಂಥವರನ್ನು ಹುಡುಕುವವರು 40 ದಿನವಾದರೂ ಹುಡುಕುತ್ತಲೇ ಇರುತ್ತಾರೆ. ಗಾರ್ಮೆಂಟ್ಸ್, ಡೆಲಿವರಿ, ಕಾಲ್ ಸೆಂಟರ್ ಮುಂತಾದ ಕಡೆ ಜನ ಬರುತ್ತ ಹೋಗುತ್ತ ಇರುವುದರಿಂದ ಒಂದೇ ಪ್ರಕಟಣೆ ವರ್ಷವಿಡೀ ನಡೆಯುತ್ತದೆ. ಅಲ್ಲಿ ತಾರೀಖು ನೋಡುವುದೇ ವ್ಯರ್ಥ, ನೇರವಾಗಿ ಹೋಗಿ ವಿಚಾರಿಸುವುದು ಲೇಸು. ಹಳೆಯ ಪ್ರಕಟಣೆಯೊಂದು ನಿಮಗೇ ಬರೆದಂತಿದ್ದರೆ ಪೋರ್ಟಲ್‌ನ ಗುಂಡಿ ಒತ್ತಿ ಸುಮ್ಮನಾಗಬೇಡಿ. ಕಂಪನಿಯ ಎಚ್‌ಆರ್‌ಗೆ ಎರಡು ಸಾಲು ಬರೆದು ಹುದ್ದೆ ಇನ್ನೂ ಖಾಲಿ ಇದೆಯೇ ಎಂದು ಮೊದಲು ಕೇಳಿ. ಮುಕ್ಕಾಲು ಗಂಟೆಯ ಶ್ರಮಕ್ಕೆ ಮುಂಚೆ ಎರಡು ನಿಮಿಷದ ವಿಚಾರಣೆ.

ಸರ್ಕಾರಿ ಹುದ್ದೆಗಳ ವಿಷಯದಲ್ಲಿ ಈ ಲೆಕ್ಕವನ್ನೇ ತಿರುವು ಹಾಕಬೇಕು. ಅಲ್ಲಿ ಮೊದಲ ದಿನ ಅರ್ಜಿ ಹಾಕಿದವರಿಗೂ ಕೊನೆಯ ದಿನ ಹಾಕಿದವರಿಗೂ ಆಯ್ಕೆಯಲ್ಲಿ ಭೇದವಿಲ್ಲ. ಬೆಲೆಯಿರುವುದು ಕೊನೆಯ ದಿನಾಂಕಕ್ಕೆ, ಮತ್ತು ಅದಕ್ಕೆ ಅಂಟಿಕೊಂಡ ಷರತ್ತುಗಳಿಗೆ. ಕರ್ನಾಟಕ ಲೋಕಸೇವಾ ಆಯೋಗದ ಅಧಿಸೂಚನೆಗಳಲ್ಲಿ ವಯಸ್ಸು, ವಿದ್ಯಾರ್ಹತೆ ಎರಡನ್ನೂ ಸಾಮಾನ್ಯವಾಗಿ ಅರ್ಜಿಯ ಕೊನೆಯ ದಿನಕ್ಕೆ ಲೆಕ್ಕ ಹಾಕುತ್ತಾರೆ. ಜಾತಿ, ಗ್ರಾಮೀಣ, ಕನ್ನಡ ಮಾಧ್ಯಮ ಮುಂತಾದ ಮೀಸಲಾತಿಯ ಪ್ರಮಾಣಪತ್ರಗಳನ್ನೂ ಅದರೊಳಗೇ ಪಡೆದಿರಬೇಕು ಎನ್ನುತ್ತಾರೆ. ಯುಪಿಎಸ್‌ಸಿಯ ನಾಗರಿಕ ಸೇವಾ ಪರೀಕ್ಷೆಯಲ್ಲಿ ವಯಸ್ಸು ನೋಡುವುದು ಆ ವರ್ಷದ ಆಗಸ್ಟ್ 1ಕ್ಕೆ. ಅಂದರೆ ಬೇರೆ ಬೇರೆ ಪರೀಕ್ಷೆಗೆ ಬೇರೆ ಬೇರೆ ತಾರೀಖು, ಮತ್ತು ಅದು ಅಧಿಸೂಚನೆಯ ಒಳಪುಟದಲ್ಲಿರುತ್ತದೆ, ಪೋರ್ಟಲ್‌ನ ಫಿಲ್ಟರ್‌ನಲ್ಲಲ್ಲ. ಒಂದು ಅಧಿಸೂಚನೆ ಎಷ್ಟು ದೀರ್ಘ ಕಾಲ ಜೀವಂತವಿರುತ್ತದೆ ಎಂಬುದಕ್ಕೆ 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳ ನೇಮಕಾತಿಯೇ ಸಾಕ್ಷಿ: ಅಧಿಸೂಚನೆ 2024ರ ಫೆಬ್ರವರಿಯಲ್ಲಿ ಬಂತು, ಪೂರ್ವಭಾವಿ ಪರೀಕ್ಷೆ ಆಗಸ್ಟ್ 27ಕ್ಕೆ ನಡೆಯಿತು, ಕನ್ನಡ ಪ್ರಶ್ನೆಪತ್ರಿಕೆಯ ಅನುವಾದದ ದೋಷಗಳ ವಿರುದ್ಧ ಪ್ರತಿಭಟನೆ ಎದ್ದ ಮೇಲೆ ಡಿಸೆಂಬರ್ 29ಕ್ಕೆ ಮರುಪರೀಕ್ಷೆಯಾಯಿತು. ಇಂಥ ಕಡೆ '30 ದಿನದೊಳಗಿನದು' ಎಂಬ ಫಿಲ್ಟರ್ ಹಾಕಿದರೆ ಮೂಲ ಅಧಿಸೂಚನೆಯೇ ಕಣ್ಮರೆಯಾಗಿ, ಅದರ ತಿದ್ದುಪಡಿಯಷ್ಟೇ ಕಾಣಿಸೀತು. ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವ 'ಹೊಸ ನೇಮಕಾತಿ' ಸಂದೇಶಗಳದ್ದು ಇದಕ್ಕೆ ತದ್ವಿರುದ್ಧ ಕಥೆ. ಮುಗಿದುಹೋದ ಅಧಿಸೂಚನೆಗೆ ಹೊಸ ಶೀರ್ಷಿಕೆ ಅಂಟಿಸಿ ಕಳಿಸುವವರಿದ್ದಾರೆ. ಇಲಾಖೆಯ ತಾಣಕ್ಕೆ ಹೋಗಿ ಪಿಡಿಎಫ್‌ನ ತಲೆಭಾಗದಲ್ಲಿರುವ ಅಧಿಸೂಚನೆ ಸಂಖ್ಯೆ ಮತ್ತು ದಿನಾಂಕವನ್ನು ನೋಡುವುದು ಒಂದೇ ಉಳಿದ ದಾರಿ. ಹಾಗೆ ನೋಡಿದ ಮೇಲೆ ಅರ್ಜಿ ಆರಂಭ, ಅರ್ಜಿ ಕೊನೆ, ಶುಲ್ಕ ಕಟ್ಟಲು ಕೊನೆ, ವಯಸ್ಸಿನ ಲೆಕ್ಕದ ದಿನ, ಈ ನಾಲ್ಕನ್ನೂ ಗೋಡೆಯ ಕ್ಯಾಲೆಂಡರಿನಲ್ಲೇ ಗುರುತಿಸಿಡಿ. ನಾಡಕಚೇರಿಯಿಂದ ಪ್ರಮಾಣಪತ್ರ ಕೈಗೆ ಬರಲು ಬೇಕಾಗುವ ದಿನಗಳನ್ನು ಕೊನೆಯ ದಿನಾಂಕದಿಂದ ಹಿಂದಕ್ಕೆ ಕಳೆದು, ಅಂದೇ ಕೊನೆಯ ದಿನ ಎಂದುಕೊಂಡು ಹೊರಡಿ.

ಹೊರದೇಶದಲ್ಲಿ ಹುಡುಕುವ ಕನ್ನಡಿಗರಿಗೆ ಎರಡು ಮಾತು. 04/05 ಎಂಬ ತಾರೀಖು ಅಮೆರಿಕದ ತಾಣದಲ್ಲಿ ಏಪ್ರಿಲ್ 5, ನಮ್ಮಲ್ಲೂ ಬ್ರಿಟನ್ನಿನಲ್ಲೂ ಮೇ 4; ಒಂದು ತಿಂಗಳ ವ್ಯತ್ಯಾಸ. ಅಮೆರಿಕದಲ್ಲಿ ಗ್ರೀನ್ ಕಾರ್ಡ್‌ಗಾಗಿ 'ಪರ್ಮ್' ಪ್ರಕ್ರಿಯೆ ನಡೆಸುವ ಕಂಪನಿ ರಾಜ್ಯದ ಉದ್ಯೋಗ ಸಂಸ್ಥೆಯ ಬಳಿ 30 ದಿನ ಆ ಹುದ್ದೆಯನ್ನು ಪ್ರಕಟಿಸಬೇಕು, ಭಾನುವಾರದ ಪತ್ರಿಕೆಗಳಲ್ಲೂ ಜಾಹೀರಾತು ಕೊಡಬೇಕು. ಆ ಹುದ್ದೆಯಲ್ಲಿ ಸಾಮಾನ್ಯವಾಗಿ ಆಗಲೇ ಒಬ್ಬರು ಕೆಲಸ ಮಾಡುತ್ತಿರುತ್ತಾರೆ. ತಾರೀಖು ತಾಜಾ ಇದ್ದರೂ ಹೊರಗಿನವರಿಗೆ ಅಲ್ಲಿ ಜಾಗ ಸಿಗುವುದು ವಿರಳ. ಕೆನಡಾದ ಒಂಟಾರಿಯೊ ಪ್ರಾಂತ್ಯ ಈ ಗೊಂದಲಕ್ಕೆ ಕಾನೂನಿನಲ್ಲೇ ಉತ್ತರ ಹುಡುಕಿದೆ: 2026ರ ಜನವರಿ 1ರಿಂದ, 25 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಸಾರ್ವಜನಿಕ ಪ್ರಕಟಣೆಯಲ್ಲಿ ಹುದ್ದೆ ಈಗ ನಿಜವಾಗಿ ಖಾಲಿ ಇದೆಯೇ ಇಲ್ಲವೇ ಎಂದು ಹೇಳಲೇಬೇಕು, ಸಂದರ್ಶನಕ್ಕೆ ಕರೆದವರಿಗೆ 45 ದಿನದೊಳಗೆ ತೀರ್ಮಾನ ತಿಳಿಸಬೇಕು. ಇಂಥ ನಿಯಮ ನಮ್ಮಲ್ಲೂ ಬರಬೇಕು. ತಾರೀಖಿನ ಹಿಂದೆ ಅಡಗಿದ ಸತ್ಯವನ್ನು ಹುಡುಕಿ ತೆಗೆಯುವ ಹೊರೆಯನ್ನು ಕೆಲಸವಿಲ್ಲದವರ ಮೇಲೇ ಹೊರಿಸುವುದು ಸರಿಯಲ್ಲ.

ಕೊನೆಯದಾಗಿ, ತಾರೀಖಿನ ಜರಡಿ ಆಚೆ ಬದಿಯಲ್ಲೂ ಇದೆ. ನೌಕ್ರಿಯ ರೆಸ್ಯೂಮ್ ಸಂಗ್ರಹವಾದ ರೆಸ್‌ಡೆಕ್ಸ್‌ನಲ್ಲಿ ಅಭ್ಯರ್ಥಿಗಳನ್ನು ಹುಡುಕುವ ಕಂಪನಿಗಳಿಗೆ 'ಆ್ಯಕ್ಟಿವ್ ಇನ್' ಎಂಬ ಫಿಲ್ಟರ್ ಇದೆ. ಇಷ್ಟು ದಿನದೊಳಗೆ ಖಾತೆ ಬಳಸಿದವರನ್ನು ಮಾತ್ರ ತೋರಿಸು ಎಂದು ಅವರೂ ಕೇಳುತ್ತಾರೆ. ನೀವು ಮೂರು ತಿಂಗಳ ಹಿಂದೆ ರೆಸ್ಯೂಮ್ ಏರಿಸಿ ಮತ್ತೆ ಲಾಗಿನ್ ಆಗದೇ ಇದ್ದರೆ, ಎಷ್ಟೇ ಅರ್ಹರಾಗಿದ್ದರೂ ಆ ಜರಡಿಯಲ್ಲಿ ಉಳಿಯುವುದಿಲ್ಲ. ದಿನವೂ ಅಲ್ಪವಿರಾಮ ಬದಲಿಸಿ ಸೇವ್ ಮಾಡಿ ಎಂದು ಸಲಹೆ ಕೊಡುವವರುಂಟು. ಅಷ್ಟು ಬೇಕಿಲ್ಲ, ಹುಡುಕಾಟಕ್ಕೆ ಕೂರುವ ದಿನಗಳಲ್ಲಿ ಲಾಗಿನ್ ಆಗಿ ನಿಜವಾಗಿ ತಿದ್ದಬೇಕಾದ ಒಂದು ಸಾಲು ತಿದ್ದಿದರೆ ಸಾಕು. ಹಾಗೆ ತಿದ್ದಲು ಕೂತಾಗ ಮೊದಲು ನೋಡಬೇಕಾದ್ದು ನೋಟಿಸ್ ಪಿರಿಯಡ್‌ನ ಸಾಲು. ಈಗಿರುವ ಕಂಪನಿಗೆ ರಾಜೀನಾಮೆ ಕೊಟ್ಟು ಎರಡು ತಿಂಗಳು ಕಳೆದಿದ್ದರೂ ಪ್ರೊಫೈಲ್‌ನಲ್ಲಿ ಇನ್ನೂ 'ಮೂರು ತಿಂಗಳು' ಎಂದೇ ಉಳಿದಿದ್ದರೆ, ಒಂದು ತಿಂಗಳೊಳಗೆ ಬರಬಲ್ಲವರನ್ನು ಹುಡುಕುವ ಕಂಪನಿಗೆ ನೀವು ಕಾಣುವುದಿಲ್ಲ. ಅಲ್ಲಿ 'ಸರ್ವಿಂಗ್ ನೋಟಿಸ್ ಪಿರಿಯಡ್' ಎಂದು ಆರಿಸಿ, ಕೆಲಸದ ಕೊನೆಯ ದಿನ ಯಾವುದೆಂದು ತಾರೀಖು ಸಹಿತ ಇವತ್ತೇ ತುಂಬಿ.